ಕಾನೂನಿಗೆ ಎಳೆಯದು, ಮಾರ್ಕೆಟ್‌ಗೆ ಹಳೆಯದು

ಚಿತ್ರದುರ್ಗದ ಕೋಟೆಯಿಂದ ಒಂದು ಕಲ್ಲು ಕಿತ್ತು ಮನೆಗೆ ತರೋಕೆ ಹೋಗಿ ನೋಡಿ, ಕೇಸ್ ಬೀಳುತ್ತೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಬೇಕಾದರೆ ಪರ್ಮಿಷನ್ ಬೇಕು.

ಈಗ ಕೋಟೆಯಿಂದ ಇಳಿದು ಪೇಟೆಗೆ ಬನ್ನಿ. 1965ರಲ್ಲೋ 1970ರಲ್ಲೋ ಕಟ್ಟಿದ ಒಂದು ಲಾಡ್ಜ್ ಇದೆ ಅಂದುಕೊಳ್ಳಿ. ಮುಂದೆ ದುಂಡಗೆ ತಿರುಗಿದ ಬಾಲ್ಕನಿ, ಮೆಟ್ಟಿಲ ಪಕ್ಕದ ಗೋಡೆಗೆ ಸಿಮೆಂಟ್ ಜಾಲಿ, ಒಳಗೆ ಮೊಸಾಯಿಕ್ ನೆಲ, ನೆತ್ತಿಯ ಮೇಲೆ ಸಿಮೆಂಟಿನಲ್ಲೇ ಬರೆದ ಹೆಸರು ಮತ್ತು ಇಸವಿ. ನಾಳೆ ಬೆಳಗ್ಗೆ ಜೆಸಿಬಿ ಬಂದು ಅದನ್ನ ಕೆಡವಿದರೆ ಕೇಳೋರು ಯಾರು? ಯಾರೂ ಇಲ್ಲ. ಎರಡು ದಿನ ಧೂಳು, ಮೂರನೇ ದಿನ ಸೈಟು ಖಾಲಿ.

ಹೀಗೆ ಹೋಗುವ ಕಟ್ಟಡಗಳಿಗೆ ಪ್ರಪಂಚದಲ್ಲಿ ಒಂದು ಹೆಸರಿದೆ: ಮಿಡ್-ಸೆಂಚುರಿ ಮಾಡರ್ನ್. ಸುಮಾರಾಗಿ 1945ರಿಂದ 1975ರ ನಡುವೆ ಬಂದ ಶೈಲಿ. ಗೋಪುರ, ಕಮಾನು, ಹೂಬಳ್ಳಿ ಕೆತ್ತನೆ ಕಡಿಮೆ. ನೇರ ಗೆರೆ, ಚಪ್ಪಟೆ ತಾರಸಿ, ದೊಡ್ಡ ಗಾಜು, ಕಾಂಕ್ರೀಟನ್ನ ಮುಚ್ಚಿಡದೆ ತೋರಿಸೋದು, ಬಿಸಿಲಿಗೆ ಜಾಲಿ ಮತ್ತು ಸಜ್ಜಾ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶ ಕಟ್ಟಿದ ಆಫೀಸು, ಕಾಲೇಜು, ಟಾಕೀಸು, ಹೋಟೆಲುಗಳಲ್ಲಿ ಬಹುಪಾಲು ಇದೇ ಕುಟುಂಬಕ್ಕೆ ಸೇರಿದವು. ಈ ಶೈಲಿಯ ಒಂದು ಹೆಸರಾಂತ ಹೋಟೆಲನ್ನ ಟೋಕಿಯೋದಲ್ಲಿ 2015ರಲ್ಲಿ ಕೆಡವಿದರು. ಆ ಕಥೆ ಇಟ್ಟುಕೊಂಡು, ಇಂಥ ಕಟ್ಟಡಗಳು ಯಾಕೆ ಬೀಳುತ್ತವೆ, ಅದರಲ್ಲಿ ಎಂಜಿನಿಯರಿಂಗ್ ಕಾರಣ ಎಷ್ಟು, ದುಡ್ಡಿನ ಕಾರಣ ಎಷ್ಟು, ಕಾನೂನಿನ ಕಾರಣ ಎಷ್ಟು ಅಂತ ಬಿಡಿಸಿ ನೋಡೋಣ. ಸಿವಿಲ್‌ನವರಿಗಷ್ಟೇ ಅಂದುಕೊಳ್ಳಬೇಡಿ. ಲೆಕ್ಕ ಎಲ್ಲ ಬ್ರಾಂಚಿಗೂ ಅರ್ಥ ಆಗುವಷ್ಟೇ ಇದೆ.

ಒಂದು ಒಲಿಂಪಿಕ್ಸ್‌ಗೆ ಹುಟ್ಟಿತು, ಇನ್ನೊಂದಕ್ಕೆ ಹೋಯಿತು

ಹೋಟೆಲ್ ಒಕುರಾ ಟೋಕಿಯೋ ಬಾಗಿಲು ತೆರೆದದ್ದು 1962ರ ಮೇ ತಿಂಗಳಲ್ಲಿ. ಎರಡು ವರ್ಷಕ್ಕೆ ಟೋಕಿಯೋದಲ್ಲಿ ಒಲಿಂಪಿಕ್ಸ್ ಇತ್ತು. ಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದ ದೇಶ ತಾನು ಮತ್ತೆ ಎದ್ದು ನಿಂತಿದ್ದೇನೆ ಅಂತ ಹೊರಗಿನವರಿಗೆ ತೋರಿಸಬೇಕಿತ್ತು. ಕಟ್ಟಿಸಿದವರು ಕಿಶಿಚಿರೋ ಒಕುರಾ. ಲಾಬಿಯ ವಿನ್ಯಾಸ ಆರ್ಕಿಟೆಕ್ಟ್ ಯೊಶಿರೋ ತನಿಗುಚಿ ಅವರದು.

ಆ ಲಾಬಿಯೇ ಹೋಟೆಲಿನ ಜೀವ. ಛಾವಣಿಯಿಂದ ಆರು ಮೂಲೆಯ ದೀಪಗಳು ಮಣಿಸರದ ಹಾಗೆ ತೂಗುತ್ತಿದ್ದವು. ಅವುಗಳ ಆಕಾರ ಬಂದದ್ದು ಜಪಾನಿನ ಪುರಾತನ ಮಣಿಗಳಿಂದ. ಕಿಟಕಿಗೆ ಕಾಗದದ ಪರದೆ, ಆದ್ದರಿಂದ ಬೆಳಕು ಸೋಸಿಕೊಂಡು ಒಳಗೆ ಬರುತ್ತಿತ್ತು. ಒಂದು ದುಂಡು ಮೇಜು, ಸುತ್ತ ಐದು ಕುರ್ಚಿ. ಮೇಲಿನ ಮಹಡಿಯಿಂದ ನೋಡಿದರೆ ಐದೆಸಳಿನ ಪ್ಲಮ್ ಹೂವಿನ ಹಾಗೆ ಕಾಣುತ್ತಿತ್ತು. ಗೋಡೆಯ ಮೇಲೆ ಪ್ರಪಂಚದ ನಕ್ಷೆ, ಅದರಲ್ಲಿ ಬೇರೆ ಬೇರೆ ದೇಶದ ಟೈಮ್. ಹಳೇ ಜಪಾನಿನ ಅಲಂಕಾರವನ್ನ ಹೊಸ ಕಾಂಕ್ರೀಟ್ ಕಟ್ಟಡದೊಳಗೆ ಇಷ್ಟು ಸಲೀಸಾಗಿ ಕೂರಿಸಿದ್ದು ಕಡಿಮೆ. ಜಪಾನ್ ತನ್ನದೇ ಆದ ಆಧುನಿಕತೆ ಹುಡುಕಿಕೊಂಡ ಜಾಗ ಇದು ಅಂತ ವಿನ್ಯಾಸಕಾರರು ದೂರದೂರದಿಂದ ಬಂದು ನೋಡಿ ಹೋಗುತ್ತಿದ್ದರು.

2014ರಲ್ಲಿ ಸುದ್ದಿ ಬಂತು: ಮುಖ್ಯ ಕಟ್ಟಡ ಕೆಡವುತ್ತೇವೆ. 2020ರ ಒಲಿಂಪಿಕ್ಸ್ ಟೋಕಿಯೋಗೆ ಸಿಕ್ಕಿತ್ತು. ಬೇರೆ ಬೇರೆ ದೇಶದ ಡಿಸೈನರ್‌ಗಳು, ಪತ್ರಿಕೆಗಳು ಬೇಡ ಅಂದರು, ಸಹಿ ಸಂಗ್ರಹ ನಡೆಯಿತು, ಫೋಟೋ ಅಭಿಯಾನ ನಡೆಯಿತು. ಏನೂ ಆಗಲಿಲ್ಲ. 2015ರ ಆಗಸ್ಟ್ 31ರಂದು ಮುಖ್ಯ ಕಟ್ಟಡ ಮುಚ್ಚಿತು, ಆಮೇಲೆ ನೆಲಸಮ. 2019ರ ಸೆಪ್ಟೆಂಬರ್‌ನಲ್ಲಿ ಅದೇ ಜಾಗದಲ್ಲಿ 41 ಮಹಡಿಯ ಒಂದು, 17 ಮಹಡಿಯ ಇನ್ನೊಂದು, ಎರಡು ಗೋಪುರಗಳು ತೆರೆದವು.

ಒಂದು ವಿಚಿತ್ರ ಇದೆ. ಹೊಸ ಗೋಪುರದಲ್ಲಿ ಹಳೇ ಲಾಬಿಯನ್ನ ಮತ್ತೆ ಕಟ್ಟಿದ್ದಾರೆ. ಅದನ್ನ ಮಾಡಿದ್ದು ಯೊಶಿರೋ ಅವರ ಮಗ ಯೊಶಿಯೋ ತನಿಗುಚಿ, ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ವಿಸ್ತರಣೆ ಮಾಡಿದ ದೊಡ್ಡ ಆರ್ಕಿಟೆಕ್ಟ್. ಅಪ್ಪನ ಲಾಬಿಯನ್ನ ಮಗ ನಕಲು ಮಾಡಿದ. ದೀಪ ಅದೇ, ಮೇಜು ಕುರ್ಚಿಯ ಹೂವು ಅದೇ, ನಕ್ಷೆಯೂ ಇದೆ. ಹಾಗಾದರೆ ಕಳೆದುಹೋದದ್ದು ಏನು? ಈ ಪ್ರಶ್ನೆ ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಮತ್ತೆ ಬರುತ್ತೇನೆ.

ಐವತ್ತರ ಆಸುಪಾಸಿನ ಗಂಡಾಂತರ

ಕಟ್ಟಿದ ವರ್ಷ, ಕೆಡವಿದ ವರ್ಷ ಅಕ್ಕಪಕ್ಕ ಬರೆದರೆ ಒಂದು ಪ್ಯಾಟರ್ನ್ ಕಾಣುತ್ತೆ.

ಒಕುರಾ: 1962ರಿಂದ 2015, ಅಂದರೆ 53 ವರ್ಷ.

ಟೋಕಿಯೋದ್ದೇ ಇಂಪೀರಿಯಲ್ ಹೋಟೆಲ್, ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ. 1923ರ ಮಹಾ ಭೂಕಂಪ ಆದ ದಿನವೇ ಅದರ ಉದ್ಘಾಟನೆ ಇತ್ತು. ಭೂಕಂಪ ತಡೆದುಕೊಂಡ ಕಟ್ಟಡ 1968ರ ಹೊತ್ತಿಗೆ ಕೆಡವುವವರ ಕೈಯಲ್ಲಿ ಹೋಯಿತು. 45 ವರ್ಷ.

ದೆಹಲಿಯ ಚಾಣಕ್ಯ ಸಿನಿಮಾ: 1970ರಿಂದ 2008. 38 ವರ್ಷ.

ದೆಹಲಿಯ ಹಾಲ್ ಆಫ್ ನೇಷನ್ಸ್: 1972ರಿಂದ 2017. 45 ವರ್ಷ.

ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಟವರ್: 1972ರಿಂದ 2022. 50 ವರ್ಷ.

ಬೆಂಗಳೂರಿನ ಗಾಂಧಿನಗರದಲ್ಲಿ 1968ರಲ್ಲಿ ಶುರುವಾದ ಕಪಾಲಿ ಟಾಕೀಸಿನ ಕಟ್ಟಡವೂ ಈಗ ಇಲ್ಲ. ನಿಮ್ಮ ಮನೆಯಲ್ಲಿ ದೊಡ್ಡವರನ್ನ ಕೇಳಿದರೆ ಅಲ್ಲಿ ಯಾವ ಸಿನಿಮಾ ನೋಡಿದ್ವಿ ಅಂತ ಹೇಳಬಹುದು.

ಒಬ್ಬ ಮನುಷ್ಯನಿಗೆ ನಲವತ್ತರಿಂದ ಅರವತ್ತು ಅಂದರೆ ನಡುವಯಸ್ಸು. ಕಟ್ಟಡಕ್ಕೆ ಅದು ಗಂಡಾಂತರದ ಕಾಲ. ಯಾಕೆ? ಮೂರು ಕಾರಣ ಒಟ್ಟಿಗೆ ಬಂದು ಕೂರುತ್ತವೆ: ಕಾಂಕ್ರೀಟ್, ಜಾಗದ ಬೆಲೆ, ಕಾನೂನು. ಒಂದೊಂದಾಗಿ ನೋಡೋಣ.

ಕಾಂಕ್ರೀಟಿಗೆ ನಿಜಕ್ಕೂ ವಯಸ್ಸಾಗಿರುತ್ತಾ?

ಕೆಡವುವ ಮುಂಚೆ ಯಾವಾಗಲೂ ಕೇಳುವ ಮಾತು "ಕಟ್ಟಡ ಶಿಥಿಲ ಆಗಿದೆ". ಇದರಲ್ಲಿ ನಿಜ ಎಷ್ಟು ಅಂತ ಲ್ಯಾಬಿನಲ್ಲಿ ನೋಡಬಹುದು.

ಹೊಸ ಕಾಂಕ್ರೀಟ್ ತುಂಬಾ ಕ್ಷಾರೀಯ, ಪಿಎಚ್ 12.5ಕ್ಕಿಂತ ಮೇಲಿರುತ್ತೆ. ಆ ಕ್ಷಾರದಲ್ಲಿ ಕಬ್ಬಿಣದ ಸರಳಿನ ಮೇಲೆ ತೆಳುವಾದ ಒಂದು ರಕ್ಷಣಾ ಪದರ ಕೂರುತ್ತೆ, ತುಕ್ಕು ಹಿಡಿಯಲ್ಲ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗೆ ಇಳಿಯುತ್ತಾ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡುತ್ತೆ. ಪಿಎಚ್ 9ರ ಕೆಳಗೆ ಬೀಳುತ್ತೆ. ಇದಕ್ಕೆ ಕಾರ್ಬೊನೇಷನ್ ಅನ್ನೋದು. ಅದು ಸರಳನ್ನ ಮುಟ್ಟಿದ ದಿನ ರಕ್ಷಣೆ ಹೋಯಿತು. ನೀರು ಸಿಕ್ಕರೆ ತುಕ್ಕು ಶುರು. ತುಕ್ಕಿನ ಗಾತ್ರ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ, ಹಾಗಾಗಿ ಅದು ಕಾಂಕ್ರೀಟನ್ನ ಒಳಗಿಂದಲೇ ಒಡೆಯುತ್ತೆ. ಹಳೇ ಮನೆಗಳ ಸ್ಲ್ಯಾಬ್ ಕೆಳಗೆ ಪದರ ಉದುರಿ ಕಂಬಿ ಕಾಣೋದು ಇದರಿಂದಲೇ.

ಇಲ್ಲಿ ಒಂದು ಚಂದದ ಲೆಕ್ಕ ಇದೆ. ಕಾರ್ಬೊನೇಷನ್ ಇಳಿಯುವ ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತೆ. ಉದಾಹರಣೆಗೆ ಸ್ಥಿರಾಂಕ 3 ಅಂತ ಇಟ್ಟುಕೊಳ್ಳಿ, ಆಳ ಮಿಲಿಮೀಟರಿನಲ್ಲಿ, ಕಾಲ ವರ್ಷದಲ್ಲಿ. 25 ವರ್ಷಕ್ಕೆ 15 ಮಿಲಿಮೀಟರ್ ಇಳಿಯುತ್ತೆ. 30 ಮಿಲಿಮೀಟರ್ ಇಳಿಯೋಕೆ 50 ವರ್ಷ ಸಾಲದು, 100 ವರ್ಷ ಬೇಕು. ಅಂದರೆ ಸರಳಿನ ಮೇಲಿನ ಕವರ್ ಎರಡು ಪಟ್ಟು ಮಾಡಿದರೆ ಆಯಸ್ಸು ನಾಲ್ಕು ಪಟ್ಟು. 60-70ರ ದಶಕದಲ್ಲಿ ಸ್ಲ್ಯಾಬಿಗೆ 15 ಮಿಲಿಮೀಟರ್ ಕವರ್ ಕೊಟ್ಟರೆ ಸಾಕಾಗುತ್ತಿತ್ತು, ಕಾಂಕ್ರೀಟ್ ಕೂಡ 1:2:4 ಅಳತೆಯ ಮಿಶ್ರಣ, ಇವತ್ತಿನ ಲೆಕ್ಕದಲ್ಲಿ ಸುಮಾರು ಎಂ15. ಈಗಿನ ಐಎಸ್ 456, ಅಂದರೆ 2000ನೇ ಇಸವಿಯ ಕೋಡ್, ಆರ್‌ಸಿಸಿಗೆ ಎಂ20ಗಿಂತ ಕಡಿಮೆ ಬಳಸಬೇಡಿ ಅನ್ನುತ್ತೆ, ಕವರ್ ಕನಿಷ್ಠ 20 ಮಿಲಿಮೀಟರ್ ಕೇಳುತ್ತೆ. ಹಾಗಾಗಿ ಆ ಕಾಲದ ಕಟ್ಟಡಕ್ಕೆ ಐವತ್ತು ವರ್ಷದೊಳಗೆ ರಿಪೇರಿ ಕೆಲಸ ಬೀಳೋದು ಸಹಜ.

ಆದರೆ ರಿಪೇರಿ ಬೀಳೋದಕ್ಕೂ ಕೆಡವಬೇಕು ಅನ್ನೋದಕ್ಕೂ ತುಂಬಾ ದೂರ ಇದೆ. ನಮ್ಮ ಚಿತ್ರದುರ್ಗ, ಹಿರಿಯೂರು ಕಡೆ ಮಳೆ ಕಡಿಮೆ. ಕಾರ್ಬೊನೇಷನ್ ಆಗಿದ್ದರೂ ನೀರು ಇಲ್ಲದ ಕಡೆ ತುಕ್ಕು ಮೆಲ್ಲಗೆ ನಡೆಯುತ್ತೆ. ಹೆಚ್ಚಾಗಿ ಹಾಳಾಗಿರೋದು ಸೋರುವ ಬಾತ್‌ರೂಮ್ ಕೆಳಗಿನ ಸ್ಲ್ಯಾಬು, ನೀರು ನಿಲ್ಲುವ ತಾರಸಿ, ಸಜ್ಜಾದ ಅಂಚು. ಡಾಕ್ಟರು ಕಾಲು ನೋವಿಗೆ ಕಾಲು ನೋಡುತ್ತಾರೆ, ಇಡೀ ರೋಗಿಯನ್ನ ಬೇಡ ಅನ್ನಲ್ಲ. ಫೀನಾಲ್ಫ್ತಲೀನ್ ಹಾಕಿದರೆ ಕ್ಷಾರ ಇನ್ನೂ ಇರುವ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಕಾರ್ಬೊನೇಟ್ ಆದದ್ದು ಬಣ್ಣ ಬದಲಿಸಲ್ಲ. ಪಿಯುಸಿ ಟೈಟ್ರೇಷನ್‌ನಲ್ಲಿ ಬಳಸಿದ ಅದೇ ಇಂಡಿಕೇಟರ್. ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪಲ್ಸ್, ಹಾಫ್ ಸೆಲ್ ಪೊಟೆನ್ಷಿಯಲ್ ಇವೆಲ್ಲ ಸೇರಿ ಎಲ್ಲಿ ರೋಗ, ಎಷ್ಟು ರೋಗ ಅಂತ ಹೇಳುತ್ತವೆ. ಚಿಕಿತ್ಸೆಗೂ ದಾರಿ ಇದೆ: ಹಾಳಾದ ಕಾಂಕ್ರೀಟ್ ಕೆತ್ತಿ ಹೊಸದು ತುಂಬೋದು, ಕಂಬಕ್ಕೆ ಜಾಕೆಟಿಂಗ್, ಫೈಬರ್ ಸುತ್ತೋದು.

ಭೂಕಂಪದ ಮಾತು ಬೇರೆ. ಜಪಾನಿನಲ್ಲಿ 1981ರಲ್ಲಿ ಭೂಕಂಪದ ಕಟ್ಟಡ ನಿಯಮ ಪೂರ್ತಿ ಬದಲಾಯಿತು. ಅದಕ್ಕೂ ಮೊದಲಿನ ಒಕುರಾಕ್ಕೆ ಭೂಕಂಪದ ಕಾರಣ ಕೊಟ್ಟರೆ ತಳ್ಳಿಹಾಕೋಕಾಗಲ್ಲ. ಆದರೂ ಅದೇ ಊರಿನಲ್ಲಿ ಲ ಕಾರ್ಬೂಸಿಯೇ ವಿನ್ಯಾಸ ಮಾಡಿದ 1959ರ ಪಾಶ್ಚಾತ್ಯ ಕಲಾ ಮ್ಯೂಸಿಯಂ ಇದೆ. 1998ರಲ್ಲಿ ಅದರ ಬುಡಕ್ಕೆ ಬೇಸ್ ಐಸೊಲೇಷನ್ ಹಾಕಿದರು, ಅಂದರೆ ಕಟ್ಟಡ ಮತ್ತು ನೆಲದ ನಡುವೆ ರಬ್ಬರ್ ಬೇರಿಂಗ್ ಕೂರಿಸಿದರು. ನೆಲ ಅಲುಗಾಡಿದರೂ ಕಟ್ಟಡಕ್ಕೆ ಆ ಹೊಡೆತ ಪೂರ್ತಿ ತಾಗಲ್ಲ. ಆ ಮ್ಯೂಸಿಯಂ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಉಳಿಸಬೇಕು ಅನ್ನೋ ಮನಸ್ಸಿದ್ದಾಗ ಭೂಕಂಪಕ್ಕೂ ಎಂಜಿನಿಯರ್ ದಾರಿ ಹುಡುಕುತ್ತಾನೆ. ಇನ್ನು ಐಎಸ್ 1893ರ 2016ರ ನಕ್ಷೆಯಲ್ಲಿ ನಮ್ಮ ಜಿಲ್ಲೆ ಇರೋದು ಝೋನ್ 2ರಲ್ಲಿ, ದೇಶದಲ್ಲೇ ಕಡಿಮೆ ಅಪಾಯದ ವಲಯ. ಇಲ್ಲಿ ಆ ಕಾರಣಕ್ಕೆ ಟೋಕಿಯೋದಷ್ಟು ತೂಕ ಇಲ್ಲ.

ಜಾಗದ ಲೆಕ್ಕ

ಹಾಗಾದರೆ ಕೆಡವುವ ತೀರ್ಮಾನ ಎಲ್ಲಿ ಆಗುತ್ತೆ? ಹೆಚ್ಚಾಗಿ ಎಕ್ಸೆಲ್ ಶೀಟಿನಲ್ಲಿ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಸೈಟು 4000 ಚದರ ಮೀಟರ್. ಮೇಲೆ ಮೂರು ಮಹಡಿಯ ಹಳೇ ಹೋಟೆಲು, ಮುಂದೆ ತೋಟ, ಒಟ್ಟು ಕಟ್ಟಿದ ವಿಸ್ತೀರ್ಣ 4000 ಚದರ ಮೀಟರ್. ಅಂದರೆ ಎಫ್‌ಎಆರ್ 1. ಈಗಿನ ನಿಯಮ 2.5 ಕೊಡುತ್ತೆ ಅಂತಿಟ್ಟುಕೊಳ್ಳಿ. ಅಲ್ಲಿ 10,000 ಚದರ ಮೀಟರ್ ಕಟ್ಟಬಹುದು. ಉಳಿದ 6000 ಚದರ ಮೀಟರ್ ಮಾಲೀಕರ ಕಣ್ಣಿಗೆ ಪ್ರತಿದಿನ ಕಳೆದುಕೊಳ್ಳುತ್ತಿರುವ ದುಡ್ಡು. ಹಳೇ ಕಟ್ಟಡ ಎಷ್ಟೇ ಗಟ್ಟಿ ಇದ್ದರೂ ಈ ಲೆಕ್ಕದ ಮುಂದೆ ಸೋಲುತ್ತೆ. ಒಕುರಾ ಜಾಗದಲ್ಲಿ ಎದ್ದ ದೊಡ್ಡ ಗೋಪುರದಲ್ಲಿ ಬಾಡಿಗೆಗೆ ಆಫೀಸುಗಳೂ ಇರೋದು ಸುಮ್ಮನೆ ಅಲ್ಲ.

ಹೋಟೆಲುಗಳಿಗೆ ಈ ಕಷ್ಟ ಇನ್ನೂ ಜಾಸ್ತಿ. ಮನೆಯಾದರೆ ಹಳೇ ಬಾತ್‌ರೂಮಿಗೆ ಒಗ್ಗಿಕೊಳ್ಳುತ್ತೇವೆ. ಹೋಟೆಲಿನ ಗಿರಾಕಿ ಒಗ್ಗಿಕೊಳ್ಳಲ್ಲ, ಪಕ್ಕದ ಹೊಸ ಹೋಟೆಲಿಗೆ ಹೋಗುತ್ತಾನೆ. 60ರ ದಶಕದ ರೂಮುಗಳಲ್ಲಿ ಎಸಿ ಡಕ್ಟ್, ಸ್ಪ್ರಿಂಕ್ಲರ್ ಪೈಪು, ನೆಟ್‌ವರ್ಕ್ ಕೇಬಲ್ ಯಾವುದಕ್ಕೂ ಜಾಗ ಬಿಟ್ಟಿರಲ್ಲ. ಸೀಲಿಂಗ್ ಕೆಳಗೆ ಅರ್ಧ ಮೀಟರ್ ಡಕ್ಟ್ ಓಡಿಸಿದರೆ ತಲೆಗೆ ತಾಗುತ್ತೆ. ಅಸ್ಥಿಪಂಜರ ಗಟ್ಟಿ ಇದ್ದರೂ ನರನಾಡಿ ಹಳೇದು.

ಜಾಗ ಯಾರದು ಅನ್ನೋದೂ ಮುಖ್ಯ. ಇದಕ್ಕೆ ನಮ್ಮವರದೇ ಒಂದು ಉದಾಹರಣೆ ಚೆನ್ನೈನಲ್ಲಿದೆ. ಉಡುಪಿ ಕಡೆಯಿಂದ ಮದ್ರಾಸಿಗೆ ಹೋಗಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕೆ. ಕೃಷ್ಣರಾಯರು 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಶುರು ಮಾಡಿದರು. ಒಕುರಾ ತೆರೆದದ್ದೂ ಅದೇ ವರ್ಷ. ಅದು ಉಳಿದುಕೊಳ್ಳುವ ಹೋಟೆಲ್ ಅಲ್ಲ, ನಾವು ಹೋಟೆಲ್ ಅಂದ ತಕ್ಷಣ ನೆನಪಾಗುವ ದೋಸೆ-ಕಾಫಿ ಹೋಟೆಲ್. ಕಾರು ಮರದ ಕೆಳಗೆ ನಿಲ್ಲಿಸಿದರೆ ತಿಂಡಿ ಕಾರಿಗೇ ಬರುತ್ತಿತ್ತು. ವ್ಯಾಪಾರ ಚೆನ್ನಾಗೇ ಇತ್ತು. ಆದರೆ ಜಾಗ ಹೋಟೆಲಿನದಲ್ಲ. ಸರ್ಕಾರ ಜಾಗ ವಾಪಸ್ ತೆಗೆದುಕೊಂಡಿತು, 2008ರಲ್ಲಿ ಹೋಟೆಲ್ ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಅನ್ನೋ ಸರ್ಕಾರಿ ಉದ್ಯಾನ ಇದೆ. ಇಲ್ಲಿ ಕಾಂಕ್ರೀಟಿನ ಪ್ರಶ್ನೆಯೇ ಬರಲಿಲ್ಲ.

ವಯಸ್ಸಿನ ಕಾನೂನು

ಈಗ ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು.

ನಮ್ಮ ದೇಶದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಸ್ಮಾರಕ ಅನ್ನಿಸಿಕೊಳ್ಳೋಕೆ ಕನಿಷ್ಠ 100 ವರ್ಷ ಆಗಿರಬೇಕು. ದುರ್ಗದ ಕೋಟೆಗೆ ಆ ವಯಸ್ಸು ಆರಾಮಾಗಿ ದಾಟಿದೆ. 1965ರ ಲಾಡ್ಜಿಗೆ 2065ರವರೆಗೆ ಕಾಯಬೇಕು. ಅಲ್ಲಿವರೆಗೆ ಉಳಿದಿದ್ದರೆ.

ದೆಹಲಿಯ ಹಾಲ್ ಆಫ್ ನೇಷನ್ಸ್‌ಗೆ ಆದದ್ದು ಇದೇ. ಆರ್ಕಿಟೆಕ್ಟ್ ರಾಜ್ ರೇವಲ್, ಸ್ಟ್ರಕ್ಚರಲ್ ಎಂಜಿನಿಯರ್ ಮಹೇಂದ್ರ ರಾಜ್. ಸ್ವಾತಂತ್ರ್ಯದ 25ನೇ ವರ್ಷಕ್ಕೆ, ಏಷ್ಯಾ 72 ವಾಣಿಜ್ಯ ಮೇಳಕ್ಕೆ ಕಟ್ಟಿದ್ದು. ಒಳಗೆ ಒಂದೂ ಕಂಬ ಇಲ್ಲದೆ ಸುಮಾರು 78 ಮೀಟರ್ ಹರವು. ಇಂಥ ಸ್ಪೇಸ್ ಫ್ರೇಮನ್ನ ಬೇರೆ ದೇಶದವರು ಉಕ್ಕಿನಲ್ಲಿ ಮಾಡುತ್ತಿದ್ದರು. ನಮ್ಮಲ್ಲಿ ಆಗ ಉಕ್ಕಿಗೆ ಬರ, ಕೆಲಸಗಾರರಿಗೆ ಬರ ಇಲ್ಲ. ಹಾಗಾಗಿ ಇಡೀ ಸ್ಪೇಸ್ ಫ್ರೇಮನ್ನ ಕಾಂಕ್ರೀಟಿನಲ್ಲಿ, ಜಾಗದಲ್ಲೇ ಎರಕ ಹೊಯ್ದು ಮಾಡಿದರು. ಕಂಪ್ಯೂಟರ್ ಅನ್ನೋದು ಅಪರೂಪ ಇದ್ದ ಕಾಲದ ಕೆಲಸ ಅದು.

ಅದನ್ನ ಕೆಡವಬೇಡಿ ಅಂತ ಕೋರ್ಟಿಗೆ ಹೋದರು. ದೆಹಲಿಯ ಪಾರಂಪರಿಕ ಕಟ್ಟಡಗಳ ಸಮಿತಿ 60 ವರ್ಷ ದಾಟಿದ ಕಟ್ಟಡಗಳನ್ನಷ್ಟೇ ಪರಿಗಣಿಸುತ್ತೇವೆ ಅಂದಿತು. ಈ ಕಟ್ಟಡಕ್ಕೆ 45. ಹೈಕೋರ್ಟ್ ಅರ್ಜಿ ವಜಾ ಮಾಡಿದ ಕೆಲವೇ ದಿನಕ್ಕೆ, 2017ರ ಏಪ್ರಿಲ್‌ನಲ್ಲಿ, ರಾತ್ರೋರಾತ್ರಿ ಕೆಡವಿದರು. ಹದಿನೈದು ವರ್ಷ ಕಡಿಮೆ ಬಿತ್ತು. 2022ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ದಕ್ಷಿಣ ಏಷ್ಯಾದ ವಾಸ್ತುಶಿಲ್ಪದ ಪ್ರದರ್ಶನ ಮಾಡಿದಾಗ ಅಲ್ಲಿ ಹಾಲ್ ಆಫ್ ನೇಷನ್ಸ್ ಇತ್ತು. ಫೋಟೋದಲ್ಲಿ.

ಇದನ್ನ ನ್ಯೂಯಾರ್ಕ್ ನಗರದ ಕಾನೂನಿನ ಜೊತೆ ಹೋಲಿಸಿ. ಅಲ್ಲಿ ಲ್ಯಾಂಡ್‌ಮಾರ್ಕ್ ಆಗೋಕೆ 30 ವರ್ಷ ಆದರೆ ಸಾಕು. ಕೆನಡಿ ಏರ್‌ಪೋರ್ಟಿನಲ್ಲಿ ಈರೋ ಸಾರಿನೆನ್ ವಿನ್ಯಾಸದ ಟಿಡಬ್ಲ್ಯೂಎ ಟರ್ಮಿನಲ್ ಇದೆ, ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗಿರುವ ಕಾಂಕ್ರೀಟ್ ಛಾವಣಿ. ತೆರೆದದ್ದು 1962ರ ಮೇ ತಿಂಗಳು. ಹೌದು, ಒಕುರಾ ತೆರೆದ ಅದೇ ತಿಂಗಳು! 1994ರಲ್ಲಿ, ಅಂದರೆ 32ನೇ ವಯಸ್ಸಿಗೆ, ಅದಕ್ಕೆ ಲ್ಯಾಂಡ್‌ಮಾರ್ಕ್ ರಕ್ಷಣೆ ಸಿಕ್ಕಿತು. 2001ರಲ್ಲಿ ಟರ್ಮಿನಲ್ ಕೆಲಸ ನಿಂತುಹೋಯಿತು. ಎಷ್ಟೋ ವರ್ಷ ಖಾಲಿ ಬಿದ್ದಿತ್ತು. ಆದರೆ ಕೆಡವುವ ಹಾಗಿರಲಿಲ್ಲ, ಆದ್ದರಿಂದ ಏನಾದರೂ ಉಪಯೋಗ ಹುಡುಕಲೇಬೇಕಾಯಿತು. 2019ರಲ್ಲಿ ಅದು ಹೋಟೆಲ್ ಆಯಿತು. ಒಂದೇ ತಿಂಗಳು ಹುಟ್ಟಿದ ಎರಡು ಕಟ್ಟಡ: ಹೋಟೆಲಾಗಿದ್ದದ್ದು ಹೋಯಿತು, ಹೋಟೆಲ್ ಅಲ್ಲದ್ದು ಹೋಟೆಲಾಗಿ ಉಳಿಯಿತು. ವ್ಯತ್ಯಾಸ ಕಾಂಕ್ರೀಟಿನಲ್ಲಿರಲಿಲ್ಲ.

ಅಲ್ಲಿಗೆ ಈ ಲೇಖನದ ತಲೆಬರಹಕ್ಕೆ ಬಂದೆವು. ಐವತ್ತು ವರ್ಷದ ಕಟ್ಟಡ ಕಾನೂನಿನ ಕಣ್ಣಿಗೆ ಇನ್ನೂ ಎಳೆಯದು, ಮಾರ್ಕೆಟ್ ಕಣ್ಣಿಗೆ ಆಗಲೇ ಹಳೆಯದು. ನಡುವೆ ಸಿಕ್ಕಿಹಾಕಿಕೊಂಡು ಹೋಗುತ್ತೆ.

ಎಲ್ಲ ಉಳಿಸಬೇಕಾ?

ಬೇಡ. ಎಲ್ಲ ಹಳೇ ಕಟ್ಟಡವೂ ಉಳಿಸಬೇಕು ಅನ್ನೋದು ಆಗದ ಮಾತು. ಜಾಗದ ಮಾಲೀಕರಿಗೂ ಸಂಸಾರ ಇದೆ, ಸಾಲ ಇದೆ. ಜನಕ್ಕೆ ಒಳ್ಳೇ ಬಸ್‌ಸ್ಟ್ಯಾಂಡ್, ಒಳ್ಳೇ ಆಸ್ಪತ್ರೆ ಬೇಕು. ನಿಜವಾಗಲೂ ಬೀಳುವ ಸ್ಥಿತಿಯಲ್ಲಿರೋದನ್ನ ಇಟ್ಟುಕೊಂಡು ಯಾರ ಜೀವ ತೆಗೆಯಬೇಕು? ನನ್ನ ಪ್ರಕಾರ ಕೆಡವುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಇರಬೇಕು.

ಒಂದು, ಶಿಥಿಲ ಅಂದವರು ಟೆಸ್ಟ್ ಮಾಡಿದ್ದಾರಾ? ಯಾವ ಟೆಸ್ಟ್, ಎಷ್ಟು ಜಾಗದಲ್ಲಿ?

ಎರಡು, ಇಂಥದ್ದು ಇನ್ನೊಂದು ಈ ಊರಲ್ಲಿ ಇದೆಯಾ?

ಮೂರು, ಇದಕ್ಕೆ ಬೇರೆ ಕೆಲಸ ಕೊಡಬಹುದಾ?

ಮೂರನೇ ಪ್ರಶ್ನೆಗೆ ದೆಹಲಿಯಲ್ಲೇ ಉತ್ತರ ಇದೆ. ಚಾಣಕ್ಯಪುರಿಯ ಅಕ್ಬರ್ ಹೋಟೆಲ್ 60ರ ದಶಕದ ಕಾಂಕ್ರೀಟ್ ಕಟ್ಟಡ, ಆರ್ಕಿಟೆಕ್ಟ್ ಶಿವನಾಥ್ ಪ್ರಸಾದ್. ಹೋಟೆಲ್ ನಿಂತಿತು, ಕಟ್ಟಡ ಅಕ್ಬರ್ ಭವನ ಅಂತ ಸರ್ಕಾರಿ ಆಫೀಸಾಯಿತು, ಕೆಲವು ವರ್ಷ ಸೌತ್ ಏಷ್ಯನ್ ಯೂನಿವರ್ಸಿಟಿಯ ಕ್ಲಾಸುಗಳೂ ಅಲ್ಲೇ ನಡೆದವು.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೇ ಪಾಠ ಇದೆ. ಹಿರಿಯೂರು ಹತ್ತಿರದ ಮಾರಿಕಣಿವೆ, ವಾಣಿವಿಲಾಸ ಸಾಗರ. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಕಲ್ಲು-ಗಾರೆಯ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಅಷ್ಟು ವರ್ಷ ತುಂಬಲಿಲ್ಲ ಅಂತ ಯಾರೂ ಅದನ್ನ ಕೆಡವಲಿಲ್ಲ. ಯಾಕೆಂದರೆ ಅದಕ್ಕೆ ಕೆಲಸ ಇತ್ತು. ಕೆಲಸ ಇರುವ ಕಟ್ಟಡಕ್ಕೆ ರಿಪೇರಿ ಸಿಗುತ್ತೆ, ರಿಪೇರಿ ಸಿಕ್ಕಿದ್ದಕ್ಕೆ ಆಯಸ್ಸು ಸಿಗುತ್ತೆ.

ಇನ್ನೊಂದು ವಿಷಯ ಮರೆಯೋ ಹಾಗಿಲ್ಲ. ಪ್ರಪಂಚದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು 7ರಿಂದ 8 ಪರ್ಸೆಂಟ್ ಸಿಮೆಂಟ್ ತಯಾರಿಕೆಯದು. ನಿಂತಿರುವ ಕಟ್ಟಡದ ಸಿಮೆಂಟಿಗೆ ಆ ಬೆಲೆ ಆಗಲೇ ಕೊಟ್ಟಾಗಿದೆ. ಕೆಡವಿ ಕಟ್ಟಿದರೆ ಮತ್ತೊಮ್ಮೆ ಕೊಡಬೇಕು, ಜೊತೆಗೆ ಅವಶೇಷ ಎಲ್ಲಿ ಸುರಿಯೋದು ಅನ್ನೋ ತಲೆನೋವು. ಊರಾಚೆಯ ಕೆರೆ ಅಂಗಳಗಳನ್ನ ಒಮ್ಮೆ ನೋಡಿ, ಗೊತ್ತಾಗುತ್ತೆ.

ನಕಲಿನಲ್ಲಿ ಸಿಗದೇ ಇರೋದು

ಪಕ್ಕಕ್ಕಿಟ್ಟ ಪ್ರಶ್ನೆಗೆ ಬರೋಣ. ಒಕುರಾದ ಲಾಬಿಯನ್ನ ಮಗನೇ ಮತ್ತೆ ಕಟ್ಟಿದ ಮೇಲೆ ಕಳೆದುಹೋದದ್ದು ಏನು?

ನನ್ನ ಉತ್ತರ ಹೀಗೆ. ಲಾಬಿ ಕಣ್ಣಿಗೆ ಕಾಣುವ ಭಾಗ, ಅದು ಮರಳಿ ಬಂತು. ಆದರೆ ತೆಳುವಾದ ಸ್ಲ್ಯಾಬು, ಉಕ್ಕು ಉಳಿಸೋಕೆ ಮಾಡಿದ ಲೆಕ್ಕ, ಬಡಗಿ ಕೈಯಲ್ಲಿ ಮಾಡಿದ ಸೆಂಟ್ರಿಂಗ್ ಹಲಗೆಯ ಗುರುತು, ಇವೆಲ್ಲ ಆ ಕಾಲದ ಎಂಜಿನಿಯರುಗಳ ನೋಟ್ಸ್ ಇದ್ದ ಹಾಗೆ. ಹಳೇ ಕಟ್ಟಡವನ್ನ ಬಿಚ್ಚಿ ಓದಬಹುದು. ನಕಲಿನಲ್ಲಿ ಓದೋಕೆ ಏನೂ ಇರಲ್ಲ, ನೋಡೋಕೆ ಮಾತ್ರ ಇರುತ್ತೆ. ಹಾಲ್ ಆಫ್ ನೇಷನ್ಸ್ ನಿಂತಿದ್ದರೆ ಇವತ್ತು ನಾವು ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋಗಿ ಆ ಜಾಯಿಂಟುಗಳನ್ನ ಕೈಯಲ್ಲಿ ಮುಟ್ಟಿ ನೋಡಬಹುದಿತ್ತು. ಈಗ ಪಿಪಿಟಿ ಗತಿ.

ನಾವು ಏನು ಮಾಡಬಹುದು

ಟೋಕಿಯೋ, ದೆಹಲಿ ದೂರ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಹತ್ತಿರ. ಈ ನಾಲ್ಕು ಊರಿನಲ್ಲಿ 1950ರಿಂದ 1975ರ ನಡುವಿನ ಲಾಡ್ಜು, ಟಾಕೀಸು, ಸೊಸೈಟಿ ಕಟ್ಟಡ, ಸ್ಕೂಲು, ಹಳೇ ಹೈವೇ ಪಕ್ಕದ ಹೋಟೆಲು ಎಷ್ಟಿವೆ? ಕೋಟೆಯ ಒಂದೊಂದು ಬತೇರಿಗೂ ದಾಖಲೆ ಇದೆ, ಇವಕ್ಕೂ ಒಂದು ಪಟ್ಟಿ ಬೇಕು. ಕಾನೂನು ಬದಲಾಯಿಸೋದು ನಮ್ಮ ಕೈಯಲ್ಲಿಲ್ಲ. ಪಟ್ಟಿ ಮಾಡೋದು ನಮ್ಮ ಕೈಯಲ್ಲಿದೆ.

ನನ್ನ ಪ್ರಸ್ತಾಪ ಇಷ್ಟು. ಈ ಸೆಮಿಸ್ಟರ್ ರಜೆಗೆ ಊರಿಗೆ ಹೋಗುವವರು ತಮ್ಮ ಊರಿನ ಇಂಥ ಒಂದೇ ಒಂದು ಕಟ್ಟಡ ಆರಿಸಿಕೊಳ್ಳಿ. ಮಾಲೀಕರನ್ನ ಕೇಳಿ, ಒಪ್ಪಿಗೆ ತೆಗೆದುಕೊಂಡೇ ಒಳಗೆ ಹೋಗಿ. ನಾಲ್ಕು ದಿಕ್ಕಿನ ಫೋಟೋ, ನೆತ್ತಿಯ ಮೇಲಿನ ಇಸವಿ, ನೆಲ, ಜಾಲಿ, ಮೆಟ್ಟಿಲು, ರೇಲಿಂಗ್. ಟೇಪು ಹಿಡಿದು ಒಂದು ಪ್ಲಾನ್. ಸಿವಿಲ್‌ನವರು ಅದನ್ನ ಆಟೋಕ್ಯಾಡಿಗೆ ಹಾಕಲಿ. ಕಂಪ್ಯೂಟರ್ ಸೈನ್ಸ್‌ನವರು ಫೋಟೋಗಳಿಂದ ತ್ರೀಡಿ ಮಾಡೆಲ್ ಮಾಡೋಕೆ ನೋಡಲಿ, ಅದಕ್ಕೆ ಉಚಿತ ಸಾಫ್ಟ್‌ವೇರ್ ಇದೆ. ಎಲೆಕ್ಟ್ರಿಕಲ್‌ನವರು ಹಳೇ ಮರದ ಪಟ್ಟಿ ವೈರಿಂಗ್, ಗುಂಡು ಸ್ವಿಚ್ಚು ಇದ್ದರೆ ದಾಖಲಿಸಲಿ. ಕಟ್ಟಿದ ಮೇಸ್ತ್ರಿಯನ್ನ ಬಲ್ಲವರು ಊರಲ್ಲಿ ಇದ್ದರೆ ಅವರ ಮಾತು ರೆಕಾರ್ಡ್ ಮಾಡಿ, ಕನ್ನಡದಲ್ಲೇ ಬರೆದಿಡಿ. ನಮ್ಮ ಸಂಘದ ಪತ್ರಿಕೆಯಲ್ಲಿ ತಿಂಗಳಿಗೊಂದು ಕಟ್ಟಡ ಹಾಕೋಣ.

ಇದರಿಂದ ಕಟ್ಟಡ ಉಳಿಯುತ್ತೆ ಅಂತ ಗ್ಯಾರಂಟಿ ಕೊಡಲ್ಲ. ಒಕುರಾಕ್ಕೆ ಪ್ರಪಂಚವೇ ಸಹಿ ಹಾಕಿದರೂ ಉಳಿಯಲಿಲ್ಲ. ಆದರೆ ಕೆಲವೇ ವರ್ಷದಲ್ಲಿ ನಮ್ಮಲ್ಲಿ ಯಾರೋ ಒಬ್ಬರ ಟೇಬಲ್ ಮೇಲೆ ಒಂದು ಫೈಲ್ ಬರುತ್ತೆ: "ಕಟ್ಟಡ ಶಿಥಿಲ, ಕೆಡವಬಹುದು, ಸಹಿ ಮಾಡಿ." ಆಗ ಪೆನ್ ಎತ್ತುವ ಮುಂಚೆ ಟೆಸ್ಟ್ ರಿಪೋರ್ಟ್ ಎಲ್ಲಿ ಅಂತ ಕೇಳುವ ಎಂಜಿನಿಯರ್ ನಮ್ಮ ಕಾಲೇಜಿನವರಾಗಿರಲಿ.

ಮೊದಲ ಪಟ್ಟಿಗೆ ಹೆಸರು ಕೊಡುವವರು ಸಂಘದ ಗ್ರೂಪಿನಲ್ಲಿ ನಿಮ್ಮ ಊರು, ಕಟ್ಟಡದ ಇಸವಿ ಹಾಕಿ. ಹೊಸದುರ್ಗ, ಹೊಳಲ್ಕೆರೆಯವರು ಮೊದಲು ಶುರು ಮಾಡಿದರೆ ದುರ್ಗದವರಿಗೆ ಸ್ವಲ್ಪ ಬಿಸಿ ತಾಗುತ್ತೆ, ಒಳ್ಳೇದೇ.